ಕೀನ್ಯಾದ ರಾಗಿ ಸಂಘಕ್ಕೆ ಕಾಲೇಜಿನಿಂದ ಸಲಹೆ: ದೂರದಿಂದ ನಡೆಯುವ ಈ ಕೆಲಸ ಏನು, ಹೇಗೆ?

ಎಂಬಿಎ, ಅರ್ಥಶಾಸ್ತ್ರ, ಕೃಷಿ ಮಾರುಕಟ್ಟೆ ಓದುವ ಮಕ್ಕಳ ಪಠ್ಯಕ್ರಮದಲ್ಲಿ ‘ರಿಮೋಟ್ ಕನ್ಸಲ್ಟಿಂಗ್ ಪ್ರಾಜೆಕ್ಟ್’ ಎಂಬ ಹೊಸ ಸಾಲು ಕಾಣಿಸಿಕೊಳ್ಳುತ್ತಿದೆ. ಮಗಳು ಮನೆಯಲ್ಲೇ ಕೂತು, ಲ್ಯಾಪ್‌ಟಾಪ್ ತೆರೆದು, ಆಫ್ರಿಕಾದ ಯಾವುದೋ ಜಿಲ್ಲೆಯ ಮಹಿಳಾ ಸಂಘದವರ ಜೊತೆ ವಾರಕ್ಕೊಮ್ಮೆ ಮಾತಾಡುತ್ತಾಳೆ. ಅದಕ್ಕೆ ಕ್ರೆಡಿಟ್ ಬೇರೆ. ನೋಡಿದವರಿಗೆ ಸಹಜವಾಗಿ ಎರಡು ಪ್ರಶ್ನೆ ಹುಟ್ಟುತ್ತವೆ. ಊರನ್ನೇ ನೋಡದವರು ಆ ಊರಿಗೆ ಏನು ಸಲಹೆ ಕೊಡಬಲ್ಲರು? ಇದರಿಂದ ಆ ಸಂಘಕ್ಕೆ ಏನಾದರೂ ದಕ್ಕುತ್ತದೆಯೇ?

ಚುಟುಕಾಗಿ ಹೇಳುವುದಾದರೆ, ಲೆಕ್ಕ ಹಾಕುವ ಕೆಲಸ ದೂರದಿಂದ ಚೆನ್ನಾಗಿಯೇ ಆಗುತ್ತದೆ. ಅಳೆಯುವ ಕೆಲಸ ಆಗುವುದಿಲ್ಲ. ಇಂಥ ಪ್ರಾಜೆಕ್ಟುಗಳು ಕೆಟ್ಟಾಗ ಕಾರಣ ಹುಡುಕಿದರೆ, ಬಹುತೇಕ ಸಲ ಅಳತೆಯಿಲ್ಲದೆ ಲೆಕ್ಕ ಹಾಕಿದ್ದೇ ಕಾರಣವಾಗಿರುತ್ತದೆ.

ಮೊದಲು ಪದಗಳ ಅರ್ಥ

ಕನ್ಸಲ್ಟಿಂಗ್ ಎಂದರೆ ಒಬ್ಬರ ವ್ಯವಹಾರದ ಒಂದು ಪ್ರಶ್ನೆಯನ್ನು ಹೊರಗಿನವರು ಕೂತು ಬಿಡಿಸಿ, ‘ಹೀಗೆ ಮಾಡಿದರೆ ಇಷ್ಟು ಖರ್ಚು, ಹಾಗೆ ಮಾಡಿದರೆ ಅಷ್ಟು’ ಎಂದು ತೋರಿಸುವುದು. ನಿರ್ಧಾರ ಸಂಘದವರದ್ದೇ. ಅಭಿವೃದ್ಧಿ ಯೋಜನೆ ಎಂದಾಕ್ಷಣ ಅಣೆಕಟ್ಟು, ಹೆದ್ದಾರಿ ನೆನಪಾಗುತ್ತವೆ; ವಿದ್ಯಾರ್ಥಿಗಳ ಕೈಗೆ ಬರುವುದು ಅವಲ್ಲ. ಹಾಲಿನ ಶೀತಲ ಘಟಕ, ಮಾವು ಒಣಗಿಸುವ ಪೆಟ್ಟಿಗೆ, ಹಿಟ್ಟಿನ ಗಿರಣಿ, ಉಳಿತಾಯ ಸಂಘದ ಲೆಕ್ಕಪುಸ್ತಕ ಇಂಥವು.

ಫೋನಿನಲ್ಲಿ ರೋಗಿಯನ್ನು ವಿಚಾರಿಸುವ ವೈದ್ಯರನ್ನು ನೆನೆಸಿಕೊಳ್ಳಿ. ಔಷಧಿ ಅವರು ಹೇಳಬಹುದು, ಆದರೆ ಕಂಕುಳಿಗೆ ಥರ್ಮಾಮೀಟರ್ ಇಟ್ಟು ನೋಡಿ ಹೇಳುವವರು ರೋಗಿಯ ಪಕ್ಕದಲ್ಲೇ ಇರಬೇಕು. ದೂರದ ಸಲಹೆಯಲ್ಲಿ ಆ ಜಾಗ ಸಂಘದ ಕಾರ್ಯದರ್ಶಿಯದ್ದು, ಇಲ್ಲವೇ ಸ್ಥಳೀಯ ಕಾಲೇಜಿನ ವಿದ್ಯಾರ್ಥಿಯದ್ದು. ಆ ವ್ಯಕ್ತಿ ಯಾರು ಎಂದು ಮೊದಲ ವಾರದಲ್ಲೇ ಗೊತ್ತಾಗದಿದ್ದರೆ ಪ್ರಾಜೆಕ್ಟನ್ನು ಅಲ್ಲಿಗೇ ಬಿಡುವುದು ಮೇಲು.

ಇದು ಶುರುವಾದದ್ದು ಹೇಗೆ?

ವಿದ್ಯಾರ್ಥಿಗಳನ್ನು ದೂರದ ದೇಶದ ಉದ್ಯಮಗಳ ಜೊತೆ ಜೋಡಿಸುವುದು ಹೊಸದಲ್ಲ. ಅಮೆರಿಕದ ಎಂಐಟಿಯ ಸ್ಲೋನ್ ಮ್ಯಾನೇಜ್‌ಮೆಂಟ್ ಶಾಲೆ 2000ರಲ್ಲೇ ‘ಜಿ-ಲ್ಯಾಬ್’ ಎಂಬ ತರಗತಿ ಆರಂಭಿಸಿತು. ನಾಲ್ವರ ತಂಡ ಕೆಲವು ತಿಂಗಳು ಕ್ಯಾಂಪಸ್ಸಿನಿಂದ ಕೆಲಸ ಮಾಡಿ, ಜನವರಿಯಲ್ಲಿ ಆ ದೇಶಕ್ಕೇ ಹೋಗಿ ಮುಗಿಸುವುದು ಅದರ ಕ್ರಮ. ಅದೇ 2000ದಿಂದ ವಿಶ್ವಸಂಸ್ಥೆಯ ಸ್ವಯಂಸೇವಕ ವಿಭಾಗ ಆನ್‌ಲೈನ್ ಸ್ವಯಂಸೇವೆಯನ್ನು ನಡೆಸಿಕೊಂಡು ಬಂದಿದೆ. 2007ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ‘180 ಡಿಗ್ರೀಸ್ ಕನ್ಸಲ್ಟಿಂಗ್’ ವಿದ್ಯಾರ್ಥಿಗಳೇ ನಡೆಸುವ ಸಲಹಾ ಸಂಸ್ಥೆ. ಭಾರತದ ಕಾಲೇಜುಗಳಲ್ಲೂ ಅದರ ಘಟಕಗಳಿವೆ.

2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನಿಂತವು, ‘ಕೊನೆಗೆ ಅಲ್ಲಿಗೆ ಹೋಗಿ ಬರುವ’ ಭಾಗ ಬಿದ್ದುಹೋಯಿತು. ಮೊದಲು ಅನಿವಾರ್ಯಕ್ಕೆ ಮಾಡಿದ್ದು ಆಮೇಲೆ ಅಗ್ಗವೆಂದು ಉಳಿದುಕೊಂಡಿತು. ಈ ‘ಅಗ್ಗ’ ಎಂಬುದನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ವಿಮಾನದ ಟಿಕೆಟ್ ಉಳಿಯಿತು, ನಿಜ. ಆದರೆ ಕಣ್ಣಾರೆ ನೋಡಿ ತಿಳಿಯಬಹುದಾಗಿದ್ದನ್ನೆಲ್ಲ ಈಗ ಆ ಕಡೆಯವರು ಕೇಳಿಸಿಕೊಂಡು, ಅಳೆದು, ಫೋಟೊ ತೆಗೆದು ಕಳಿಸಬೇಕು. ಹನ್ನೆರಡು ವಾರದ ಪ್ರಾಜೆಕ್ಟಿನಲ್ಲಿ ವಾರಕ್ಕೆ ಒಂದು ಗಂಟೆ ಕಾಲ್, ಮೂರು ಗಂಟೆ ಮಾಹಿತಿ ಒಟ್ಟುಮಾಡುವುದು ಎಂದಿಟ್ಟುಕೊಂಡರೂ ಸಂಘದ ಕಡೆಯಿಂದ 48 ಗಂಟೆ ಖರ್ಚಾಯಿತು. ದಿನಕ್ಕೆ ಎಂಟು ಗಂಟೆಯಂತೆ ಅದು ಒಬ್ಬರ ಆರು ದಿನದ ದುಡಿಮೆ.

ಉದಾಹರಣೆಗೆ ರಾಗಿಯೇ ಯಾಕೆ?

ಪಶ್ಚಿಮ ಕೀನ್ಯಾದ ಬುಸಿಯಾ ಕೌಂಟಿ (ಕೌಂಟಿ ಎಂದರೆ ಸ್ವಂತ ಸರ್ಕಾರವಿರುವ ಜಿಲ್ಲೆ) ಉಗಾಂಡದ ಗಡಿಗೆ ಅಂಟಿಕೊಂಡಿದೆ. ಲುಹ್ಯಾ, ತೇಸೊ ಜನ ಅಲ್ಲಿ ರಾಗಿ ಬೆಳೆಯುತ್ತಾರೆ. ಸ್ವಾಹಿಲಿಯಲ್ಲಿ ರಾಗಿಗೆ ‘ವಿಂಬಿ’ ಎನ್ನುತ್ತಾರೆ, ಗಂಜಿಗೆ ‘ಉಜಿ’, ಮುದ್ದೆಯಂಥದ್ದಕ್ಕೆ ‘ಉಗಾಲಿ’. ವಿಂಬಿ ಎಂದರೆ ಸ್ವಾಹಿಲಿಯಲ್ಲಿ ಅಲೆ ಎಂದೂ ಅರ್ಥ. ಹಾಗಾಗಿ ತರ್ಜುಮೆ ಯಂತ್ರಕ್ಕೆ ಕೊಟ್ಟ ಪ್ರಶ್ನಾವಳಿಯಲ್ಲಿ ‘ನೀವು ಎಷ್ಟು ಅಲೆ ಬೆಳೆಯುತ್ತೀರಿ’ ಎಂದು ಬಂದರೆ ನಗಬೇಡಿ, ಪ್ರಶ್ನೆಗಳನ್ನು ಸ್ವಾಹಿಲಿ ಬಲ್ಲವರಿಗೆ ಒಮ್ಮೆ ತೋರಿಸಿ.

ರಾಗಿಯ ಮೂಲ ನೆಲವೇ ಉಗಾಂಡ, ಇಥಿಯೋಪಿಯಾದ ಎತ್ತರದ ಪ್ರದೇಶ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಅದು ಭಾರತಕ್ಕೆ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಭಾರತದ ತಳಿಯನ್ನು ಆಫ್ರಿಕಾದ ತಳಿಯೊಂದಿಗೆ ಕೂಡಿಸಿ ‘ಇಂಡಾಫ್’ ರಾಗಿ ತಂದರು. ಇಂಡಾಫ್ ಎಂದರೆ ಇಂಡಿಯಾ ಮತ್ತು ಆಫ್ರಿಕಾ. ಹೀಗಾಗಿ ಕನ್ನಡದ ವಿದ್ಯಾರ್ಥಿಗೆ ಈ ಬೆಳೆ ಪರಿಚಿತ. ಈ ಪರಿಚಯವೇ ಒಂದು ಬಲೆಯೂ ಆಗಬಹುದು: ಕರ್ನಾಟಕದಲ್ಲಿ ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಳ್ಳುತ್ತದೆ; 2024-25ರಲ್ಲಿ ಆ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಕೀನ್ಯಾದ ರಾಷ್ಟ್ರೀಯ ಧಾನ್ಯ ಮಂಡಳಿ ಮುಖ್ಯವಾಗಿ ಕೊಳ್ಳುವುದು ಮೆಕ್ಕೆಜೋಳವನ್ನು. ರಾಗಿ ಬೆಲೆ ಬಿದ್ದರೆ ಹಿಡಿದು ನಿಲ್ಲಿಸುವವರಿಲ್ಲ. ನಮ್ಮ ಲೆಕ್ಕದ ಹಾಳೆಯನ್ನು ಹಾಗೇ ಅಲ್ಲಿಗೆ ಎತ್ತಿಟ್ಟರೆ ಈ ಒಂದು ಕಾರಣಕ್ಕೇ ಅದು ತಪ್ಪುತ್ತದೆ.

ಮುಂದಿನ ಲೆಕ್ಕವನ್ನೆಲ್ಲ ಒಂದು ಕಲ್ಪಿತ ಸಂಘದ ಮೇಲೆ ಕಟ್ಟಿದ್ದೇವೆ. ಬುಸಿಯಾದಲ್ಲಿ 60 ಮಹಿಳೆಯರ ಒಂದು ‘ಚಾಮಾ’ ಇದೆ ಎಂದುಕೊಳ್ಳಿ. ಚಾಮಾ ಎಂದರೆ ನಮ್ಮ ಸ್ವಸಹಾಯ ಸಂಘ ಮತ್ತು ಚೀಟಿ ಎರಡೂ ಬೆರೆತಂಥದ್ದು: ವಾರ ವಾರ ದುಡ್ಡು ಕಟ್ಟುತ್ತಾರೆ, ಸರದಿಯ ಮೇಲೆ ಎತ್ತುತ್ತಾರೆ, ಉಳಿದದ್ದನ್ನು ಸಾಲ ಕೊಡುತ್ತಾರೆ. ಅವರ ಕೋರಿಕೆ ಒಂದೇ ಸಾಲಿನದು: ‘ನಾವು ರಾಗಿ ಹಿಟ್ಟು ಮಾಡಿ ಪಟ್ಟಣಕ್ಕೆ ಮಾರಬೇಕು, ಗಿರಣಿ ಕೊಳ್ಳಲು ಪ್ಲ್ಯಾನ್ ಮಾಡಿಕೊಡಿ.’ ಶಿಲಿಂಗ್ (ಕೀನ್ಯಾದ ನಾಣ್ಯ), ಕೆಜಿಯ ಅಂಕಿಗಳು ವಿಧಾನ ತೋರಿಸಲು ಇಟ್ಟವು. ನಿಜವಾದ ಸಂಘಕ್ಕೆ ಪ್ರತಿಯೊಂದನ್ನೂ ಕೇಳಿ ತುಂಬಬೇಕು.

ಪ್ರಶ್ನೆಯನ್ನು ಕಿರಿದು ಮಾಡುವುದು

ಮೊದಲ ಎರಡು ವಾರ ಇದಕ್ಕೇ ಹೋಗಬೇಕು. ‘ಬುಸಿಯಾದ ರಾಗಿ ಕ್ಷೇತ್ರದ ಅಭಿವೃದ್ಧಿ’ ಎಂಬುದು ಹನ್ನೆರಡು ವಾರದ ಪ್ರಶ್ನೆ ಅಲ್ಲ, ಹನ್ನೆರಡು ವರ್ಷದ್ದು. ‘ಮುಂದಿನ ಸುಗ್ಗಿಗೆ ಸ್ವಂತ ಗಿರಣಿ ಕೊಳ್ಳುವುದೋ, ಊರಿನ ಗಿರಣಿಯಲ್ಲಿ ಕೂಲಿಗೆ ಬೀಸಿಸುವುದೋ’ ಎಂಬುದು ಸರಿಯಾದ ಅಳತೆಯ ಪ್ರಶ್ನೆ. ಉತ್ತರ ಒಂದು ವಾಕ್ಯದಲ್ಲಿ ಬರುವಂತಿರಬೇಕು.

ಎರಡೂ ಕಡೆಯವರು ಒಪ್ಪಿದ್ದನ್ನು ಒಂದು ಪುಟದ ಕೆಲಸದ ಪತ್ರವಾಗಿ ಬರೆಯುತ್ತಾರೆ. ಅದರಲ್ಲಿ ಇರಬೇಕಾದದ್ದು: ಪ್ರಶ್ನೆ, ನಿರ್ಧಾರ ತೆಗೆದುಕೊಳ್ಳುವವರು ಯಾರು, ಯಾವ ತಾರೀಕಿನೊಳಗೆ, ಸಂಘ ಯಾವ ಮಾಹಿತಿ ಕೊಡುತ್ತದೆ, ವಿದ್ಯಾರ್ಥಿಗಳು ಏನನ್ನು ಮಾಡುವುದಿಲ್ಲ, ಫೋನ್ ಖರ್ಚು ಯಾರದು, ಪರೀಕ್ಷೆ ರಜೆ ಯಾವಾಗ. ‘ಏನನ್ನು ಮಾಡುವುದಿಲ್ಲ’ ಎಂಬ ಸಾಲನ್ನು ಎಲ್ಲರೂ ಮರೆಯುತ್ತಾರೆ. ಹಣ ತಂದುಕೊಡುವುದಿಲ್ಲ, ಗಿರಣಿ ಕೊಡಿಸುವುದಿಲ್ಲ ಎಂದು ಬರೆಯದೆ ಹೋದರೆ ವಿದೇಶಿ ವಿಶ್ವವಿದ್ಯಾಲಯದ ಹೆಸರು ಕೇಳಿದ ಸದಸ್ಯರು ಅನುದಾನ ಬರುತ್ತದೆ ಎಂದೇ ತಿಳಿಯುತ್ತಾರೆ. ಆ ನಿರೀಕ್ಷೆ ಬಂದ ಮೇಲೆ ಉತ್ತರಗಳ ಬಣ್ಣವೂ ಬದಲಾಗುತ್ತದೆ: ಇಳುವರಿ ಜಾಸ್ತಿ ಹೇಳಿದರೆ ಹಣ ಬರುತ್ತದೋ, ಕಷ್ಟ ಜಾಸ್ತಿ ಹೇಳಿದರೆ ಬರುತ್ತದೋ ಎಂದು ಜನ ಅಂದಾಜು ಮಾಡಿ ಹೇಳತೊಡಗುತ್ತಾರೆ.

ತಾರೀಕಿನ ಬಗ್ಗೆಯೂ ಎಚ್ಚರ ಬೇಕು. ಕೀನ್ಯಾದ ಆರ್ಥಿಕ ವರ್ಷ ಜುಲೈ 1ಕ್ಕೆ ಶುರು. 2010ರ ಸಂವಿಧಾನದ ಪ್ರಕಾರ ದೇಶದಲ್ಲಿ 47 ಕೌಂಟಿಗಳಿವೆ, ಕೃಷಿಯ ಬಹುಪಾಲು ಕೆಲಸ ಅವುಗಳ ಕೈಯಲ್ಲಿದೆ. ನೈರೋಬಿಯ ಸಚಿವಾಲಯದ ವೆಬ್‌ಸೈಟಿನಲ್ಲಿ ಯೋಜನೆ ಹುಡುಕುವ ವಿದ್ಯಾರ್ಥಿ ಬೆಂಗಳೂರಿನಲ್ಲಾಗುವ ಕೆಲಸಕ್ಕೆ ದಿಲ್ಲಿಗೆ ಅರ್ಜಿ ಹಾಕಿದಂತೆ. ಹುಡುಕಬೇಕಾದದ್ದು ಕೌಂಟಿಯ ಕೃಷಿ ಕಚೇರಿಯನ್ನು.

ಗಡಿಯಾರ, ಮಳೆ, ಶಾಲೆ ಶುಲ್ಕ

ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಬೆಂಗಳೂರಿನ ಸಂಜೆ 7 ಅಲ್ಲಿ 4:30. ಭಾರತದ ತಂಡಕ್ಕೆ ಇದು ದೊಡ್ಡ ಅನುಕೂಲ. ಬಾಸ್ಟನ್ನಿನ ತಂಡಕ್ಕೆ ಚಳಿಗಾಲದಲ್ಲಿ ಬೆಳಿಗ್ಗೆ 8 ಎಂದರೆ ಅಲ್ಲಿ ಸಂಜೆ 4. ಮಾರ್ಚಿಯಲ್ಲಿ ಅಮೆರಿಕದವರು ಗಡಿಯಾರ ಮುಂದಿಟ್ಟ ದಿನದಿಂದ ಅದೇ 8 ಗಂಟೆ ಮಧ್ಯಾಹ್ನ 3 ಆಗುತ್ತದೆ. ಕೀನ್ಯಾದಲ್ಲಿ ಗಡಿಯಾರ ಬದಲಿಸುವ ಪದ್ಧತಿಯಿಲ್ಲ. ಸೆಮಿಸ್ಟರಿನ ನಡುವೆ ಒಂದು ಕಾಲ್ ಹೀಗೇ ತಪ್ಪಿಹೋಗುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಸ್ವಾಹಿಲಿ ಗಂಟೆ. ಅಲ್ಲಿ ದಿನ ಎಣಿಸುವುದು ಸೂರ್ಯೋದಯದಿಂದ, ನಮ್ಮ ಹಳೆಯ ಗಳಿಗೆ ಲೆಕ್ಕದ ಹಾಗೆ. ಬೆಳಗಿನ 7 ಗಂಟೆಯೇ ಮೊದಲ ಗಂಟೆ. ‘ಸಾ ಕುಮಿ’ ಎಂದರೆ ಪದಶಃ ಹತ್ತು ಗಂಟೆ, ನಮ್ಮ ಗಡಿಯಾರದಲ್ಲಿ ಸಂಜೆ 4. ಸ್ವಾಹಿಲಿಯಲ್ಲಿ ಬಂದ ವಾಟ್ಸ್ಆ್ಯಪ್ ಸಂದೇಶ ಓದಿ ಹತ್ತಕ್ಕೆ ಕಾಯುತ್ತ ಕೂತರೆ ಆರು ಗಂಟೆ ಕಾಯಬೇಕಾದೀತು. ಸಮಯವನ್ನು ಅಂಕಿಯಲ್ಲಿ, ‘ನೈರೋಬಿ ಗಡಿಯಾರ 16:00’ ಎಂದು ಬರೆಯುವುದೇ ಸುಲಭ.

ಆಮೇಲೆ ಮಳೆ. ಪಶ್ಚಿಮ ಕೀನ್ಯಾದಲ್ಲಿ ಮಾರ್ಚಿಯಿಂದ ಮೇವರೆಗೆ ದೊಡ್ಡ ಮಳೆ. ಫೆಬ್ರವರಿ–ಮಾರ್ಚಿಯಲ್ಲಿ ಬಿತ್ತಿದ ರಾಗಿ ಜುಲೈ–ಆಗಸ್ಟಿಗೆ ಕೊಯ್ಲು. ಬಿತ್ತನೆ, ಕಳೆ ಕೀಳುವ ವಾರಗಳಲ್ಲಿ ಕಾರ್ಯದರ್ಶಿ ಫೋನ್ ಎತ್ತದಿದ್ದರೆ ಅದು ನಿರಾಸಕ್ತಿಯಲ್ಲ. ಸಂತೆಯ ದಿನವೂ ಅಷ್ಟೆ. ಶಾಲೆ ವರ್ಷ ಜನವರಿಯಲ್ಲಿ ಶುರುವಾಗುತ್ತದೆ, ವರ್ಷಕ್ಕೆ ಮೂರು ಅವಧಿ. ಶುಲ್ಕ ಕಟ್ಟುವ ಹೊತ್ತಿಗೆ ಮನೆಯಲ್ಲಿದ್ದ ರಾಗಿ ಸಿಕ್ಕ ಬೆಲೆಗೆ ಹೋಗುತ್ತದೆ. ಸುಗ್ಗಿಯ ಎಲ್ಲ ರಾಗಿಯೂ ಸಂಘಕ್ಕೆ ಬರುತ್ತದೆ ಎಂದು ಬರೆಯುವ ಮುಂಚೆ ಈ ಕ್ಯಾಲೆಂಡರನ್ನು ಪಕ್ಕದಲ್ಲಿಡಿ.

ಒಂದು ಡೆಬೆ ಎಂದರೆ ಎಷ್ಟು ಕೆಜಿ?

ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡುವುದು ಇಲ್ಲಿ. ‘ಎಷ್ಟು ಬೆಳೆದಿರಿ’ ಎಂದರೆ ‘ಹನ್ನೆರಡು ಡೆಬೆ’ ಎನ್ನುತ್ತಾರೆ. ಡೆಬೆ ಎಂದರೆ 20 ಲೀಟರಿನ ತಗಡಿನ ಡಬ್ಬ. ಪದ ಹೋದದ್ದೂ ನಮ್ಮ ಕಡೆಯ ‘ಡಬ್ಬ’ದಿಂದಲೇ. ಚಿಲ್ಲರೆಗೆ ‘ಗೊರೊಗೊರೊ’ ಎಂಬ ಸಣ್ಣ ಡಬ್ಬ, ಸುಮಾರು ಎರಡು ಕೆಜಿ ಮೆಕ್ಕೆಜೋಳ ಹಿಡಿಯುತ್ತದೆ. ಮೆಕ್ಕೆಜೋಳದ ಚೀಲ 90 ಕೆಜಿ. ಇವೆಲ್ಲ ಗಾತ್ರದ ಅಳತೆಗಳು, ತೂಕದವಲ್ಲ. ನಮ್ಮ ಸೇರು, ಕೊಳಗ, ಪಲ್ಲದ ಹಾಗೇ ಧಾನ್ಯ ಬದಲಾದರೆ ತೂಕ ಬದಲಾಗುತ್ತದೆ, ಗೋಪುರವಾಗಿ ತುಂಬಿದರೆ ಒಂದು, ಕೋಲಿನಿಂದ ಸಮ ಮಾಡಿದರೆ ಇನ್ನೊಂದು. ಕೊಳ್ಳುವಾಗ ಗೋಪುರ, ಮಾರುವಾಗ ಸಮ ಎಂಬುದು ವ್ಯಾಪಾರಿಗಳ ಹಳೆಯ ವಿದ್ಯೆ, ಎಲ್ಲ ದೇಶದಲ್ಲೂ.

ಇದಕ್ಕೆ ಪರಿಹಾರ ಸರಳ. ಕಾರ್ಯದರ್ಶಿಗೆ ಹೇಳಿ ತಕ್ಕಡಿಯಲ್ಲಿ ಖಾಲಿ ಡೆಬೆ ತೂಗಿಸಿ. ನಂತರ ಮೂರು ಮನೆಯ ರಾಗಿಯನ್ನು, ಅವರು ಸಾಮಾನ್ಯವಾಗಿ ತುಂಬುವ ಹಾಗೇ ತುಂಬಿಸಿ ತೂಗಿಸಿ. ತಕ್ಕಡಿಯ ಮುಳ್ಳು ಕಾಣುವಂತೆ ಫೋಟೊ ತರಿಸಿಕೊಳ್ಳಿ. ಖಾಲಿ ತೂಕ ಕಳೆದು ಮೂರರ ಸರಾಸರಿ ಹಾಕಿ. ಅರ್ಧ ಗಂಟೆಯ ಈ ಕೆಲಸಕ್ಕೆ ಬದಲಾಗಿ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಯಾವುದೋ ಅಂಕಿ ಹಾಕಿದರೆ ಲೆಕ್ಕವೆಲ್ಲ ಶೇ 10–15 ಆಚೀಚೆ ಆಗುತ್ತದೆ, ಹಿಟ್ಟಿನ ವ್ಯಾಪಾರದ ಲಾಭವೇ ಅಷ್ಟಿರುತ್ತದೆ. ಹೊಲದ ಅಳತೆಯಲ್ಲೂ ಇದೇ ಕಥೆ: ‘ಅರ್ಧ ಎಕರೆ’ ಎಂದದ್ದನ್ನು ಉಪಗ್ರಹದ ಚಿತ್ರದ ಮೇಲೆ ಗೆರೆ ಎಳೆದು ನೋಡಿದರೆ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಹೀಗೆ ಮೇಜಿನ ಮುಂದೆ ಕೂತೇ ಆಗುವ ಅಳತೆಗಳು ಬಹಳ ಕಡಿಮೆ, ಇದು ಅಂಥದ್ದೊಂದು.

ಸಿದ್ಧ ಅಂಕಿಅಂಶಗಳಲ್ಲೂ ಹಳ್ಳಗಳಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಫಾವೋಸ್ಟ್ಯಾಟ್‌ನಲ್ಲಿ ‘ಮಿಲೆಟ್’ ಎಂಬ ಒಂದೇ ಸಾಲಿನಲ್ಲಿ ಸಜ್ಜೆ, ರಾಗಿ, ನವಣೆ ಎಲ್ಲವೂ ಸೇರಿವೆ. ಅದರಿಂದ ರಾಗಿಯ ಇಳುವರಿ ತೆಗೆಯಲಾಗದು. ವಿಶ್ವಬ್ಯಾಂಕಿನ ಮನೆಮನೆ ಕೃಷಿ ಸಮೀಕ್ಷೆಯ ಮಾಲೆ ಉಗಾಂಡ, ಟಾಂಜಾನಿಯ, ಇಥಿಯೋಪಿಯಾ, ಮಲಾವಿ ಮೊದಲಾದ ಎಂಟು ದೇಶಗಳದ್ದು, ಕೀನ್ಯಾ ಅದರಲ್ಲಿಲ್ಲ. ಗಡಿಯಾಚೆಯ ಪೂರ್ವ ಉಗಾಂಡದ ಅಂಕಿಯನ್ನು ಹೋಲಿಕೆಗೆ ಬಳಸಬಹುದು, ಬಳಸಿದ್ದೇವೆ ಎಂದು ಬರೆದರೆ ಸಾಕು. ಮಳೆಗೆ ಮಾತ್ರ ಒಳ್ಳೆಯ ಆಸರೆಯಿದೆ: ‘ಚಿರ್ಪ್ಸ್’ ಎಂಬ ಉಚಿತ ದತ್ತಾಂಶದಲ್ಲಿ 1981ರಿಂದ ಈಚಿನ ಮಳೆ ಸುಮಾರು 5 ಕಿಲೋಮೀಟರ್ ಚೌಕಗಳಲ್ಲಿ ಸಿಗುತ್ತದೆ. ಕಳೆದ ವರ್ಷದ ಕಡಿಮೆ ಇಳುವರಿಗೆ ಮಳೆ ಕಾರಣವೋ, ಬೆಂಕಿರೋಗವೋ, ಸ್ಟ್ರೈಗಾ ಕಳೆಯೋ ಎಂದು ಕೇಳಲು ಅದು ದಾರಿ ಮಾಡಿಕೊಡುತ್ತದೆ.

ಸದಸ್ಯರನ್ನು ಕೇಳುವಾಗ ಯಾರನ್ನು ಕೇಳುತ್ತೀರಿ ಎಂಬುದು ಮುಖ್ಯ. ಸ್ಮಾರ್ಟ್‌ಫೋನ್ ಇದ್ದವರನ್ನಷ್ಟೇ ಕೇಳಿದರೆ ಸಂಘದ ಅನುಕೂಲಸ್ಥರ ಅಭಿಪ್ರಾಯ ಮಾತ್ರ ಸಿಗುತ್ತದೆ. ಹಾಜರಿ ಪುಸ್ತಕದ 60 ಹೆಸರಿನಿಂದ ಚೀಟಿ ಎತ್ತಿ 15 ಮಂದಿಯನ್ನು ಆರಿಸಿ, ಸ್ಥಳೀಯ ಸಹಾಯಕರು ಮನೆಗೇ ಹೋಗಿ ಕೇಳಲಿ. ಕೋಬೊ ಅಥವಾ ಒಡಿಕೆ ಎಂಬ ಉಚಿತ ಆ್ಯಪ್‌ಗಳು ನೆಟ್‌ವರ್ಕ್ ಇಲ್ಲದ ಕಡೆ ಫಾರಂ ತುಂಬಿಸಿಕೊಂಡು, ನೆಟ್‌ವರ್ಕ್ ಬಂದಾಗ ಕಳಿಸುತ್ತವೆ. ಆ ಸಹಾಯಕರಿಗೆ ದಿನಗೂಲಿಯೂ ಡೇಟಾ ಖರ್ಚೂ ಕೊಡಬೇಕು. ವಿದ್ಯಾರ್ಥಿಗೆ ಕ್ರೆಡಿಟ್ ಸಿಗುತ್ತದೆ. ಬಿಸಿಲಲ್ಲಿ ನಡೆದವರಿಗೆ ‘ಅನುಭವ’ ಸಿಕ್ಕಿತು ಎನ್ನುವುದು ನ್ಯಾಯವಲ್ಲ.

27 ಗಂಟೆಯ ಗಿರಣಿ

ಈಗ ಲೆಕ್ಕ. 60 ಸದಸ್ಯರು, ತಲಾ ಅರ್ಧ ಎಕರೆ ರಾಗಿ, ಅಂದರೆ 30 ಎಕರೆ. ಎಕರೆಗೆ 300 ಕೆಜಿಯಂತೆ 9,000 ಕೆಜಿ. ಇದರಲ್ಲಿ ಮನೆ ಊಟ, ಉಜಿ, ಬಿತ್ತನೆ ಬೀಜ, ನೆಂಟರಿಷ್ಟರಿಗೆ ಎಂದು ಶೇ 40 ಹೋದರೆ ಸಂಘಕ್ಕೆ ಬರುವುದು 5,400 ಕೆಜಿ.

ಅವರು ಕೊಳ್ಳಬೇಕೆಂದಿರುವ ಗಿರಣಿ ಗಂಟೆಗೆ 200 ಕೆಜಿ ಬೀಸುತ್ತದೆ. 5,400ನ್ನು 200ರಿಂದ ಭಾಗಿಸಿ: 27. ಇಡೀ ವರ್ಷಕ್ಕೆ ಗಿರಣಿಗೆ 27 ಗಂಟೆ ಕೆಲಸ. ವರ್ಷದ ಉಳಿದ ದಿನಗಳಲ್ಲಿ ಅದರ ಮೇಲೆ ಕೋಳಿ ಕೂರುತ್ತದೆ.

ಗಿರಣಿ, ಮೋಟಾರು, ಕೊಠಡಿ ಸೇರಿ 4,00,000 ಶಿಲಿಂಗ್, ಐದು ವರ್ಷ ಬಾಳಿಕೆ ಎಂದರೆ ವರ್ಷಕ್ಕೆ 80,000. ಅದನ್ನು 5,400 ಕೆಜಿಗೆ ಹಂಚಿದರೆ ಕೆಜಿಗೆ ಸುಮಾರು 15 ಶಿಲಿಂಗ್. ಊರಿನ ‘ಪೋಶೊ ಮಿಲ್ಲು’, ಅಂದರೆ ಕೂಲಿಗೆ ಬೀಸಿಕೊಡುವ ಗಿರಣಿ, ಕೆಜಿಗೆ 5 ಶಿಲಿಂಗ್ ಕೇಳುತ್ತದೆ ಎಂದಿಟ್ಟುಕೊಳ್ಳಿ. ಸ್ವಂತ ಗಿರಣಿಯ ಖರ್ಚು ಆ ಮಟ್ಟಕ್ಕೆ ಇಳಿಯಲು ವರ್ಷಕ್ಕೆ 16,000 ಕೆಜಿ ಬೀಸಬೇಕು, ಈಗಿರುವುದರ ಮೂರು ಪಟ್ಟು. ಕರೆಂಟು, ನಡೆಸುವವನ ಸಂಬಳ, ಸಾಲದ ಬಡ್ಡಿ ಇನ್ನೂ ಸೇರಿಸಿಲ್ಲ. ಕರೆಂಟಿನ ಮಾತು ಬಂತಲ್ಲ: ಹತ್ತು ಎಚ್‌ಪಿ ಮೋಟಾರು ಎಂದರೆ 7.5 ಕಿಲೋವ್ಯಾಟ್. ಊರಿಗೆ ಬಂದಿರುವುದು ಸಿಂಗಲ್ ಫೇಸೋ ತ್ರೀ ಫೇಸೋ ಎಂಬ ಪ್ರಶ್ನೆಯನ್ನು ಪಂಪ್‌ಸೆಟ್ ಕಂಡ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ, ಆದರೆ ಅದು ಪ್ರಶ್ನಾವಳಿಯಲ್ಲಿ ಇರಬೇಕು.

‘ಉಳಿದ ದಿನ ಊರವರ ಮೆಕ್ಕೆಜೋಳ ಬೀಸಿಕೊಡುತ್ತೇವೆ’ ಎಂದು ಸಂಘ ಹೇಳಬಹುದು. ಒಳ್ಳೆಯ ಮಾತು, ಆದರೆ ಆಗ ಅದು ರಾಗಿ ಹಿಟ್ಟಿನ ವ್ಯಾಪಾರವಲ್ಲ, ಪೋಶೊ ಮಿಲ್ಲಿನ ವ್ಯಾಪಾರ. ಪ್ರಶ್ನೆಗಳೂ ಬೇರೆಯಾಗುತ್ತವೆ: ನಡೆದು ಹೋಗುವ ದೂರದಲ್ಲಿ ಎಷ್ಟು ಗಿರಣಿಗಳಿವೆ, ಡೀಸೆಲ್ಲೋ ಕರೆಂಟೋ, ಅವರ ದರವೆಷ್ಟು, ಸಾಲ ಕೊಡುತ್ತಾರೆಯೇ.

ಇನ್ನೊಂದು ಕಡೆ ಹಣ ಸೋರುವುದು ತೂಕದಲ್ಲಿ. ಶೇ 18 ತೇವದ 100 ಕೆಜಿ ರಾಗಿ ಕೊಂಡು ಶೇ 12ಕ್ಕೆ ಒಣಗಿಸಿದರೆ ಉಳಿಯುವುದು 93.2 ಕೆಜಿ. ಲೆಕ್ಕ ಹೀಗೆ: ನೀರು ಬಿಟ್ಟ ಒಣ ಭಾಗ 82 ಕೆಜಿ, ಅದನ್ನು 0.88ರಿಂದ ಭಾಗಿಸಿ. ಕಲ್ಲು, ಮರಳು, ಹೊಟ್ಟು ಶೇ 4 ಹೋದರೆ 89.5. ಬೀಸುವಾಗ ಶೇ 2 ಹೋದರೆ 87.7 ಕೆಜಿ ಹಿಟ್ಟು. ಕೆಜಿಗೆ 80 ಶಿಲಿಂಗ್ ಕೊಟ್ಟ ರಾಗಿ ಹಿಟ್ಟಾಗುವ ಹೊತ್ತಿಗೆ ಕೆಜಿಗೆ 91 ಬಿದ್ದಿರುತ್ತದೆ. ಈ 11 ಶಿಲಿಂಗನ್ನು ಬಿಟ್ಟು ಬೆಲೆ ಕಟ್ಟಿದ ಹಾಳೆಗಳು ಕಾಗದದ ಮೇಲೆ ಲಾಭ ತೋರಿಸುತ್ತವೆ, ಪೆಟ್ಟಿಗೆಯಲ್ಲಿ ತೋರಿಸುವುದಿಲ್ಲ.

ಕಲ್ಲಿನ ವಿಷಯ ಸಣ್ಣದಲ್ಲ. ರಾಗಿಯನ್ನು ನೆಲದ ಮೇಲೆ ಬಡಿದರೆ, ಮಣ್ಣಿನ ಮೇಲೆ ಒಣಗಿಸಿದರೆ, ಸಣ್ಣ ಮರಳು ಕಾಳಿನ ಗಾತ್ರದಲ್ಲೇ ಇರುವುದರಿಂದ ಜರಡಿಗೆ ಸಿಗುವುದಿಲ್ಲ. ಉಜಿ ಕುಡಿಯುವಾಗ ಹಲ್ಲಿಗೆ ಸಿಕ್ಕಿದ ಒಂದು ಕಲ್ಲು ಗಿರಾಕಿಯನ್ನು ಶಾಶ್ವತವಾಗಿ ಕಳೆಯುತ್ತದೆ. ಹೀಗಾಗಿ ಲೆಕ್ಕ ಮುಗಿದಾಗ ಉತ್ತರ ಬಹುಶಃ ಹೀಗೆ ಬರುತ್ತದೆ: ಗಿರಣಿ ಬೇಡ, ಬಡಿಯಲು, ಒಣಗಿಸಲು ಟಾರ್ಪಾಲು, ಕಲ್ಲು ತೆಗೆಯುವ ಸಣ್ಣ ಯಂತ್ರ, ತೂಕದ ತಕ್ಕಡಿ, ಚೀಲ ಮುಚ್ಚುವ ಸೀಲರ್ ಕೊಳ್ಳಿ, ಬೀಸುವುದನ್ನು ಕೂಲಿಗೆ ಕೊಡಿ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ದುಡಿಯುವ ಬಂಡವಾಳ, ಅಂದರೆ ಮಾಲು ಮಾರಿ ಹಣ ಬರುವವರೆಗೆ ಕೈಯಲ್ಲಿರಬೇಕಾದ ದುಡ್ಡು. ಸುಗ್ಗಿಯಲ್ಲಿ 5,400 ಕೆಜಿಯನ್ನು 80ರಂತೆ ಕೊಳ್ಳಲು 4,32,000 ಶಿಲಿಂಗ್ ಒಟ್ಟಿಗೆ ಬೇಕು. ‘ಮಾರಿದ ಮೇಲೆ ಕೊಡುತ್ತೇವೆ’ ಎಂದರೆ ಸದಸ್ಯೆ ಗಡಿಯಲ್ಲಿ ನಿಂತ ವ್ಯಾಪಾರಿಗೆ ನಗದಿಗೆ ಕೊಡುತ್ತಾಳೆ, ಅದು ತಪ್ಪೂ ಅಲ್ಲ. ಅಂಗಡಿಗಳಿಂದ ಹಣ ಬರುವುದು ತಿಂಗಳು, ಎರಡು ತಿಂಗಳು ತಡ. ಗಿರಣಿಗಿಂತ ಈ ಹಳ್ಳ ದೊಡ್ಡದು.

ಡಾಲರಿನ ಬಗ್ಗೆ ಒಂದು ಮಾತು. 2024ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 160 ಶಿಲಿಂಗ್ ಇತ್ತು, ಅದೇ ವರ್ಷದ ಮಧ್ಯಕ್ಕೆ 130ರ ಹತ್ತಿರ ಬಂತು. ಒಂದೇ ಸೆಮಿಸ್ಟರಿನಲ್ಲಿ ಆಮದು ಯಂತ್ರದ ಬೆಲೆ ಐದನೇ ಒಂದು ಭಾಗ ಬದಲಾದೀತು. ಹಾಳೆಯನ್ನು ಶಿಲಿಂಗಿನಲ್ಲೇ ಇಡಿ, ದರವನ್ನು ಒಂದೇ ಕೋಶದಲ್ಲಿ, ತಾರೀಕಿನ ಜೊತೆ ಬರೆಯಿರಿ.

ಕೊಳ್ಳುವವರನ್ನು ಹುಡುಕುವುದು

ವಿದ್ಯಾರ್ಥಿಗಳ ವರದಿಯಲ್ಲಿ ಬಹಳ ಸಲ ಕಾಣುವ ಸಾಲು: ‘ನಗರದ ಜನಸಂಖ್ಯೆ ಇಷ್ಟು ಲಕ್ಷ, ಅದರಲ್ಲಿ ಶೇ 1 ನಮ್ಮ ಹಿಟ್ಟು ಕೊಂಡರೆ...’ ಆ ಶೇ 1 ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರವಿಲ್ಲ. ಇದರ ಬದಲು ಹತ್ತು ಅಂಗಡಿಗಳ ಪಟ್ಟಿ ಮಾಡಿ. ಸ್ಥಳೀಯ ಸಹಾಯಕರು ಹೋಗಿ ಕಪಾಟಿನ ಫೋಟೊ ತೆಗೆಯಲಿ, ಯಾವ ಹಿಟ್ಟು, ಎಷ್ಟು ಕೆಜಿ ಪೊಟ್ಟಣ, ಬೆಲೆ ಎಷ್ಟು, ಕಳೆದ ತಿಂಗಳು ಎಷ್ಟು ಹೋಯಿತು ಎಂದು ಕೇಳಲಿ. ರಾಗಿಯ ಜೊತೆ ಜೋಳ, ಮರಗೆಣಸು ಬೆರೆಸಿದ ಉಜಿ ಹಿಟ್ಟು ಅಲ್ಲಿ ಮಾಮೂಲಿ. ನಿಜವಾದ ಪೈಪೋಟಿ ಅದರೊಂದಿಗೆ.

‘ಒಳ್ಳೆಯ ರಾಗಿ ಹಿಟ್ಟು ಸಿಕ್ಕರೆ ಕೊಳ್ಳುತ್ತೀರಾ’ ಎಂದು ಯಾರನ್ನೂ ಕೇಳಬೇಡಿ. ಎಲ್ಲರೂ ಹೌದು ಎನ್ನುತ್ತಾರೆ, ಸೌಜನ್ಯಕ್ಕೆ. ‘ಕಳೆದ ಬಾರಿ ಯಾವ ಹಿಟ್ಟು ತಂದಿರಿ, ಎಷ್ಟು ಕೊಟ್ಟಿರಿ, ಪೊಟ್ಟಣ ಇದೆಯೇ’ ಎಂದು ಕೇಳಿದರೆ ನಿಜ ಹೊರಗೆ ಬರುತ್ತದೆ. ಪೊಟ್ಟಣ ಕಟ್ಟಿ ಮಾರುವ ಹಿಟ್ಟಿಗೆ ಕೀನ್ಯಾ ಮಾನಕ ಸಂಸ್ಥೆ ‘ಕೆಬ್ಸ್’ನ ಗುರುತು ಬೇಕು; ಅದರ ಅರ್ಜಿ, ಮಾದರಿ ಪರೀಕ್ಷೆಗೆ ಹಿಡಿಯುವ ಸಮಯವನ್ನು ಯೋಜನೆಯಲ್ಲಿ ಸೇರಿಸದಿದ್ದರೆ ಹಿಟ್ಟು ಸಿದ್ಧವಿದ್ದರೂ ಕಪಾಟಿಗೆ ಏರುವುದಿಲ್ಲ.

ಅನುಮತಿ ಮತ್ತು ಗುಟ್ಟು

ಸಂಘಕ್ಕೆ ಸಲಹೆ ಕೊಡಲು ಅದರ ಸ್ವಂತ ಲೆಕ್ಕ ನೋಡುವುದು ಒಂದು, ಜನರ ಸಮೀಕ್ಷೆ ಮಾಡಿ ಪ್ರಬಂಧ ಬರೆಯುವುದು ಇನ್ನೊಂದು. ಎರಡನೆಯದು ಸಂಶೋಧನೆ. ಅದಕ್ಕೆ ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ, ಕೀನ್ಯಾದ ವಿಜ್ಞಾನ ಆಯೋಗ ‘ನಕೋಸ್ಟಿ’ಯ ಪರವಾನಗಿ ಬೇಕು. ಅರ್ಜಿಗೆ ವಾರಗಟ್ಟಲೆ ಹಿಡಿಯುವುದರಿಂದ ಸೆಮಿಸ್ಟರ್ ಶುರುವಾದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಕೀನ್ಯಾದಲ್ಲಿ 2019ರಿಂದ ದತ್ತಾಂಶ ರಕ್ಷಣಾ ಕಾಯ್ದೆ ಇದೆ. ಹೆಸರು, ಫೋನ್ ನಂಬರ್, ಗುರುತಿನ ಚೀಟಿ ಇರುವ ಹಾಜರಿ ಪುಸ್ತಕದ ಫೋಟೊವನ್ನು ತಂಡದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಸಲ್ಲದು. ಹೆಸರಿನ ಬದಲು ಕ್ರಮಸಂಖ್ಯೆ ಬಳಸಿ, ಪಟ್ಟಿ ಕಾರ್ಯದರ್ಶಿಯ ಬಳಿಯೇ ಇರಲಿ. ಎಂ-ಪೆಸಾ ವಿವರಗಳಿಗೆ ಇನ್ನೂ ಎಚ್ಚರ ಬೇಕು. 2007ರಲ್ಲಿ ಸಫಾರಿಕಾಂ ತಂದ ಈ ಮೊಬೈಲ್ ಹಣ ಈಗ ಅಲ್ಲಿಯ ದಿನನಿತ್ಯದ ಪರ್ಸು. ಸಂಘದ ಮಾರಾಟ ತಿಳಿಯಲು ಅದರ ಸ್ಟೇಟ್‌ಮೆಂಟ್ ಚಿನ್ನದಂಥ ದಾಖಲೆ, ಆದರೆ ಖಜಾಂಚಿಯ ಸ್ವಂತ ಫೋನಿನಲ್ಲೇ ಸಂಘದ ಹಣವೂ ಓಡಾಡುತ್ತಿದ್ದರೆ ಅವರ ಮನೆಯ ಖರ್ಚೆಲ್ಲ ನಿಮ್ಮ ಕಣ್ಣಿಗೆ ಬೀಳುತ್ತದೆ. ತಿಂಗಳ ಮೊತ್ತವನ್ನಷ್ಟೇ ಬರೆದು ಕಳಿಸಲು ಹೇಳಿ.

ಒಪ್ಪಿಸುವುದು

ಎಂಟನೇ ವಾರಕ್ಕೆ ಕರಡು ಸಂಘದ ಕೈಯಲ್ಲಿರಬೇಕು, ಕೊನೆಯ ವಾರಕ್ಕಲ್ಲ. ‘ನಮ್ಮಲ್ಲಿ ಎಕರೆಗೆ ಅಷ್ಟು ಬರುವುದಿಲ್ಲ’ ಎಂದು ಅಲ್ಲಿ ಒಬ್ಬರು ಹೇಳಿದರೆ ತಿದ್ದಲು ಸಮಯ ಬೇಕು. ಯಾರೂ ಏನೂ ತಕರಾರು ಹೇಳದಿದ್ದರೆ ಯಾರೂ ಓದಿಲ್ಲ ಎಂದು ತಿಳಿಯುವುದು ಕ್ಷೇಮ.

ಅರವತ್ತು ಪುಟದ ವರದಿ ಪ್ರೊಫೆಸರಿಗೆ. ಸಂಘಕ್ಕೆ ಬೇಕಾದದ್ದು ಎರಡು ಪುಟ, ಒಂದು ಎಕ್ಸೆಲ್ ಹಾಳೆ, ಸ್ವಾಹಿಲಿಯಲ್ಲಿ ಐದು ನಿಮಿಷದ ಧ್ವನಿ ಸಂದೇಶ. ಹಾಳೆ ಮೊಬೈಲಿನಲ್ಲಿ ತೆರೆಯಬೇಕು, ಒಂದು ಎಂಬಿಗಿಂತ ಹಗುರವಿರಬೇಕು. ಅವರು ಬದಲಿಸಬೇಕಾದ ಕೋಶಗಳು ಆರೋ ಏಳೋ ಸಾಕು: ಇಳುವರಿ, ಮನೆಗೆ ಇಟ್ಟುಕೊಳ್ಳುವ ಪಾಲು, ಕೊಳ್ಳುವ ಬೆಲೆ, ತೇವ, ಬೀಸುವ ಕೂಲಿ, ಮಾರುವ ಬೆಲೆ. ಅವಕ್ಕೆ ಹಳದಿ ಬಣ್ಣ ಹಚ್ಚಿ, ಉಳಿದವನ್ನು ಬೀಗ ಹಾಕಿ. ಮಳೆ ಕೈಕೊಟ್ಟು ಇಳುವರಿ ಅರ್ಧವಾದರೆ ಏನಾಗುತ್ತದೆ ಎಂಬುದನ್ನು ಕಾರ್ಯದರ್ಶಿಯೇ ಕಾಲ್‌ನಲ್ಲಿ ಒಮ್ಮೆ ಬದಲಿಸಿ ನೋಡಲಿ. ನೀವು ಮಾಡಿ ತೋರಿಸಬೇಡಿ.

ಇನ್ನೊಂದು ಕಾಲ್ ಸೆಪ್ಟೆಂಬರಿಗೆ, ಕೊಯ್ಲು ಮುಗಿದ ಮೇಲೆ, ಯಾವ ಕ್ರೆಡಿಟ್ಟಿಗೂ ಸೇರದ್ದು. ಅಷ್ಟರಲ್ಲಿ ತಂಡದ ಅರ್ಧ ಜನ ಕೆಲಸಕ್ಕೆ ಸೇರಿರುತ್ತಾರೆ, ಆದ್ದರಿಂದ ಆ ಕಾಲ್ ಮಾಡುವವರ ಹೆಸರನ್ನು ಮೊದಲ ಪತ್ರದಲ್ಲೇ ಬರೆದಿಡುವುದು ವಾಡಿಕೆಯಾಗಬೇಕು. ಕೇಳಬೇಕಾದದ್ದು ಮೂರು: ಎಷ್ಟು ಡೆಬೆ ಸಂಘಕ್ಕೆ ಬಂತು, ತಕ್ಕಡಿ ಎಷ್ಟು ಹೇಳಿತು, ಹಾಳೆಯಲ್ಲಿ ಯಾವ ಹಳದಿ ಕೋಶವನ್ನು ಬದಲಿಸಿದಿರಿ.